ಚಿಕ್ಕ ಕೋವಿಯ ಲೆಕ್ಕ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಭೆಯಲ್ಲಿ ಪಂಪನನ್ನು ಕುರಿತೋ, ವಚನಕಾರರನ್ನು ಕುರಿತೋ, ಏಕೀಕರಣಕ್ಕಾಗಿ ದುಡಿದ ಹಿರಿಯರನ್ನು ಕುರಿತೋ ನಾಲ್ಕು ಮಾತಾಡುವುದು ವಾಡಿಕೆ. ಅದನ್ನು ಬಲ್ಲವರು ಈ ವೇದಿಕೆಯ ಮೇಲೆಯೇ ಇದ್ದಾರೆ. ಊರಿನ ನೆನಪು ಏನಾದರೂ ಹೇಳಿ ಎಂದು ಕಾರ್ಯದರ್ಶಿಗಳು ಕೇಳಿದಾಗ, ಕೋವಿಯ ವಿಷಯ ಹೇಳುತ್ತೇವೆ ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಚಿಕ್ಕದಾಗಿರಲಿ” ಎಂದರು. ಭಾಷಣ ಚಿಕ್ಕದಾಗಿರಲಿ ಎಂಬುದು ಅವರ ಅಭಿಪ್ರಾಯ. ನಾವು ಕೋವಿ ಚಿಕ್ಕದಾಗಿರಲಿ ಎಂದು ತಿಳಿದುಕೊಂಡು ಬಂದಿದ್ದೇವೆ.

ಈ ವಿಷಯ ಮನಸ್ಸಿಗೆ ಬಂದದ್ದಕ್ಕೆ ಪುಣೆಯೇ ಕಾರಣ. 2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸ್ವಪ್ನಿಲ್ ಕುಸಾಳೆ ಅವರು 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಕಂಚಿನ ಪದಕ ಗೆದ್ದದ್ದನ್ನು ತಾವೆಲ್ಲರೂ ಬಲ್ಲಿರಿ. ಮಂಡಿಯೂರಿ, ಮಲಗಿ, ನಿಂತು, ಹೀಗೆ ಮೂರು ಭಂಗಿಗಳಲ್ಲಿ ಗುಂಡು ಹೊಡೆಯಬೇಕಾದ ಆ ಸ್ಪರ್ಧೆಯಲ್ಲಿ ಭಾರತಕ್ಕೆ ದೊರೆತ ಮೊದಲನೆಯ ಪದಕ ಅದು. ಅವರು ಕೊಲ್ಹಾಪುರ ಜಿಲ್ಲೆಯವರು, ರೈಲ್ವೆಯ ನೌಕರಿಯವರು. ಅಂದು ಸಂಜೆ ನಮ್ಮ ಬೀದಿಯಲ್ಲಿ ಮಹಾರಾಷ್ಟ್ರದವರು ಪೇಢೆ ಹಂಚಿದರು. ನಾವೂ ತಿಂದೆವು. ರಾತ್ರಿ ಮುಂಬಯಿಯಿಂದ ನಮ್ಮ ಹಿರಿಯರ ಟೆಲಿಫೋನ್ ಬಂತು. “ನೋಡಿದೆಯಾ? ಅದು ನಮ್ಮ ಮನೆಯ ತೋಟಾ ಕಣೋ!”

ಅದು ನಿಜ. ಅಂದು ಪ್ಯಾರಿಸಿನಲ್ಲಿ ಸಿಡಿದದ್ದೂ, ಅರುವತ್ತು ವರುಷಗಳ ಹಿಂದೆ ತೀರ್ಥಹಳ್ಳಿಯ ಕಡೆಯ ಒಂದು ಅಡಿಕೆ ತೋಟದ ಮನೆಯಲ್ಲಿ ಸಿಡಿಯುತ್ತಿದ್ದುದೂ ಒಂದೇ ಅಳತೆಯ ತೋಟಾ. ಜನ ಅದನ್ನು ‘ಪಾಯಿಂಟ್ ಟೂ ಟೂ’ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದನ್ನು ಹಾರಿಸುವ ರೈಫಲಿಗೆ ಇದ್ದ ಹೆಸರು ‘ಚಿಕ್ಕ ಕೋವಿ’.

ಇಲ್ಲಿ ಒಂದು ಅರಿಕೆ. ನಾವು, ನಾವು ಎಂದು ಮಾತಾಡುವುದು ದೊಡ್ಡಸ್ತಿಕೆಯಿಂದಲ್ಲ. ನಾವು ಅಣ್ಣತಮ್ಮಂದಿರು ಮೂವರು. ಹಿರಿಯವರು ಮುಂಬಯಿಗೆ ಹೋದರು, ನಡುವಿನವರು ಈಗ ತಮ್ಮ ಮುಂದೆ ನಿಂತಿರುವುದು, ಕಿರಿಯವರು ಊರಿನಲ್ಲಿ ತೋಟ ನೋಡಿಕೊಂಡಿದ್ದಾರೆ. ಈ ಕೋವಿಯ ವಿಚಾರದಲ್ಲಿ ನಾವು ಮೂವರೂ ಒಬ್ಬರಂತೆ ಮಾತಾಡಬೇಕೆಂದು ಚಿಕ್ಕಂದಿನಲ್ಲೇ ಒಂದು ಒಪ್ಪಂದವಾಗಿದೆ. ಕಾರಣ ಮುಂದೆ ಬರುತ್ತದೆ.

ನಮ್ಮ ಅಪ್ಪಯ್ಯ 1958ರಲ್ಲಿ, ಆ ವರುಷದ ಅಡಿಕೆಯ ದುಡ್ಡು ಕೈಗೆ ಬಂದಾಗ, ಅಂದಿನ ಚೆಕೊಸ್ಲೊವಾಕಿಯದಲ್ಲಿ ತಯಾರಾದ ‘ಬ್ರ್ನೋ’ ಎಂಬ ರೈಫಲನ್ನು ಕೊಂಡು ತಂದರು. ಬ್ರ್ನೋ ಎಂಬುದು ಆ ದೇಶದ ಒಂದು ಊರಿನ ಹೆಸರು. ಸೈನ್ಯದ ಬ್ರೆನ್ ಗನ್ನಿನ ಹೆಸರಿನಲ್ಲಿರುವ ಮೊದಲ ಎರಡು ಅಕ್ಷರಗಳೂ ಅದೇ ಊರಿನವು. ನಮ್ಮ ಊರಿನವರ ನಾಲಗೆಯ ಮೇಲೆ ಅದು ‘ಬರ್ನೋ’ ಆಯಿತು. ಮನೆಯಲ್ಲಿ ಅದಾಗಲೇ ಎರಡು ಕೋವಿಗಳಿದ್ದುವು. ಅಜ್ಜಯ್ಯನ ಕೇಪಿನ ಕೋವಿ ಒಂದು, ಹಂದಿಗೆಂದು ಇಟ್ಟಿದ್ದ ಜೋಡಿ ನಳಿಗೆಯ ತೋಟಾ ಕೋವಿ ಇನ್ನೊಂದು. ಅವುಗಳ ಪಕ್ಕದಲ್ಲಿ ಇದು ದೊಡ್ಡವರ ಪಂಕ್ತಿಯಲ್ಲಿ ಕೂತ ಹುಡುಗನಂತೆ ಕಾಣುತ್ತಿತ್ತು. ಅವು ಗುಡುಗಿದರೆ ಇದು ‘ಟಪ್’ ಎನ್ನುತ್ತಿತ್ತು, ಅಷ್ಟೆ.

ಆದರೆ ಈ ಚಿಕ್ಕದರ ತೋಟಾದಲ್ಲಿ ಒಂದು ವಿಶೇಷವಿದೆ. ದೊಡ್ಡ ತೋಟಾಗಳಿಗೆ ಹಿಂಭಾಗದ ನಡುವೆ ಒಂದು ಕೇಪು ಇರುತ್ತದೆ. ಕೋವಿಯ ಮೊಳೆ ಅದಕ್ಕೆ ಬಡಿದಾಗ ಕಿಡಿ ಹುಟ್ಟಿ ಮದ್ದು ಹೊತ್ತಿಕೊಳ್ಳುತ್ತದೆ. ಇದರಲ್ಲಿ ಬೇರೆ ಕೇಪಿಲ್ಲ. ತೆಳುವಾದ ಹಿತ್ತಾಳೆಯ ಕೊಳವೆಯ ಬುಡವನ್ನು ಹೊರಕ್ಕೆ ಮಡಿಸಿ ಅಂಚು ಮಾಡಿ, ಕಿಡಿ ಹುಟ್ಟಿಸುವ ಮದ್ದನ್ನು ಆ ಅಂಚಿನ ಒಳಗೇ ಸೇರಿಸಿರುತ್ತಾರೆ. ಕರ್ಜಿಕಾಯಿಯ ಮಡಿಕೆಯೊಳಗೆ ಹೂರಣ ಸೇರಿಕೊಂಡಿರುತ್ತದಲ್ಲ, ಹಾಗೆ. ಮೊಳೆ ಬಡಿಯುವುದು ಅಂಚಿಗೆ. ಅಂಚು ಜಜ್ಜಿಹೋಗುತ್ತದೆ, ಗುಂಡು ಹಾರುತ್ತದೆ, ಕೊಳವೆ ಮತ್ತೆ ಉಪಯೋಗಕ್ಕೆ ಬಾರದು. ಇಂದು ಎಲ್ಲೆಡೆ ಬಳಕೆಯಲ್ಲಿರುವ ಉದ್ದದ ಬಗೆಯನ್ನು ಅಮೆರಿಕದ ಸ್ಟೀವನ್ಸ್ ಕಂಪೆನಿಯವರು 1887ರಲ್ಲಿ ಹೊರತಂದರು. ಗುಂಡಿನ ತೂಕ 40 ಗ್ರೇನ್, ಎಂದರೆ ಕಾಲು ತೊಲಕ್ಕೂ ಕಡಿಮೆ.

ಇದರಿಂದ ಮನೆವಾರ್ತೆಗೆ ಏನಾಯಿತೆಂಬುದು ಮುಖ್ಯ. ಜೋಡಿ ನಳಿಗೆಯ ಕೋವಿಗೆ ಹಿತ್ತಾಳೆಯ ತೋಟಾಗಳಿದ್ದುವು. ಮಳೆಗಾಲದ ರಾತ್ರಿಗಳಲ್ಲಿ ಅಪ್ಪಯ್ಯನೂ ಚಿಕ್ಕಯ್ಯನೂ ಕಂಬಳಿಯ ಮೇಲೆ ಕೂತು ಅವಕ್ಕೆ ಹೊಸ ಕೇಪು ಕೂರಿಸಿ, ಮದ್ದು, ಚರೆ ತುಂಬಿ, ಮತ್ತೆ ಮತ್ತೆ ಉಪಯೋಗಿಸುತ್ತಿದ್ದರು. ಚಿಕ್ಕ ಕೋವಿಗೆ ಈ ಉಪಾಯ ನಡೆಯದು. ಹಾರಿದ್ದು ಹಾರಿತು. ಐವತ್ತರ ಒಂದು ಪೆಟ್ಟಿಗೆ ತೀರಿದರೆ ಶಿವಮೊಗ್ಗೆಗೆ ಹೋಗಬೇಕು, ಲೈಸೆನ್ಸಿನಲ್ಲಿ ಬರೆಸಬೇಕು, ವರುಷಕ್ಕೆ ಇಷ್ಟೇ ಎಂಬ ಕಟ್ಟು ಬೇರೆ. ಅದಕ್ಕಾಗಿ ಅಪ್ಪಯ್ಯ ಅಡಿಕೆಯ ಲೆಕ್ಕದ ಪುಸ್ತಕದಂಥದೇ ಒಂದು ಉದ್ದನೆಯ ಪುಸ್ತಕ ಹೊಲಿಸಿ, ಚಿಕ್ಕ ಕೋವಿಯ ಒಂದೊಂದು ಗುಂಡನ್ನೂ ಬರೆದಿಡತೊಡಗಿದರು. ತಾರೀಖು, ಹೊಡೆದವರು ಯಾರು, ಎಷ್ಟು, ಯಾವುದಕ್ಕೆ, ತಗುಲಿತೋ ಇಲ್ಲವೋ, ಬಾಕಿ ಎಷ್ಟು. ದೊಡ್ಡ ಕೋವಿಗಳಿಗೆ ಈ ಮರ್ಯಾದೆ ಇರಲಿಲ್ಲ.

ಮಕ್ಕಳ ಕೈಗೆ ಕೊಡುತ್ತಿದ್ದುದೂ ಇದೊಂದನ್ನೇ. ಅದೂ ಸುಲಭವಾಗಿ ಅಲ್ಲ. ಮೊದಲನೆಯ ಆರು ತಿಂಗಳು ಒರಸುವ ಕೆಲಸ ಮಾತ್ರ. ಆಷಾಢದಲ್ಲಿ ನಮ್ಮ ಕಡೆ ಒಂದು ರಾತ್ರಿ ಮರೆತರೆ ಕಬ್ಬಿಣ ಕೆಂಪಾಗುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿದರೆ ಅಂಟಾಗಿ ಕೂರುತ್ತದೆಂದು, ಅವ್ವನ ಹೊಲಿಗೆ ಮೆಷೀನಿನ ಎಣ್ಣೆಯನ್ನು ಕೇಳಿ ತರಬೇಕು. ಆಮೇಲೆ ತೋಟಾ ಇಲ್ಲದೆ ಗುರಿ ಹಿಡಿಯುವುದು. ಆಮೇಲೆ ಒಂದು, ಒಂದೇ ಗುಂಡು. ಅಪ್ಪಯ್ಯನ ಕಟ್ಟಳೆ ಒಂದೇ ಒಂದು: ಗುರಿಯ ಹಿಂದೆ ಧರೆ ಇರಬೇಕು. ಮಣ್ಣಿನ ಧರೆ ಇಲ್ಲದ ಕಡೆ ಗುಂಡು ಹಾರಿಸಕೂಡದು. ಮರದ ಮೇಲಿನ ಹಕ್ಕಿಗೆ ಆಕಾಶದ ಕಡೆ ಹಾರಿಸಿದ ಈ ಕಾಲು ತೊಲದ ಸೀಸ ಒಂದು ಮೈಲಿ ದೂರ ಹೋಗಿಯೂ ಅಪಾಯ ಮಾಡಬಲ್ಲುದು. ಮದ್ದಿನ ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದ ಆ ಎಚ್ಚರಿಕೆಯನ್ನು ಅಪ್ಪಯ್ಯ ಇಂಗ್ಲಿಷಿನಲ್ಲಿ ನಮ್ಮಿಂದ ಗಟ್ಟಿಯಾಗಿ ಓದಿಸುತ್ತಿದ್ದರು. ನಾವು ಕಲಿತ ಮೊದಲ ಇಂಗ್ಲಿಷ್ ವಾಕ್ಯ ಅದೇ ಇರಬೇಕು.

ಖಾಲಿ ಕೊಳವೆಗಳು ನಮ್ಮವು. ಅದರ ಬಾಯನ್ನು ಕೆಳತುಟಿಗೆ ಒತ್ತಿ ಊದಿದರೆ ಶಿಳ್ಳೆ ಬರುತ್ತದೆ. ಶಾಲೆಯಲ್ಲಿ ಅಂಥ ಶಿಳ್ಳೆ ನಮ್ಮ ಬಳಿ ಮಾತ್ರ ಇದ್ದುದು ನಮ್ಮ ಹೆಮ್ಮೆ. (ಈಗಿನ ಮಕ್ಕಳು ಅದನ್ನು ನೆನಪಿಗೆಂದು ಜೇಬಿನಲ್ಲಿಟ್ಟುಕೊಂಡು ವಿಮಾನ ಹತ್ತಲು ಹೋಗಬಾರದು. ಅಲ್ಲಿನವರಿಗೆ ಶಿಳ್ಳೆಯ ವಿಷಯ ತಿಳಿಯದು.)

ಅವ್ವನಿಗೆ ಇದೆಲ್ಲ ಸರಿಬರುತ್ತಿರಲಿಲ್ಲ. ಒಂದು ಭಾನುವಾರ ಅಪ್ಪಯ್ಯ ಹಿತ್ತಲಿನ ಧರೆಯ ಮುಂದೆ ಡಾಲ್ಡಾ ಡಬ್ಬವೊಂದನ್ನು ಇಟ್ಟು, ನಾವು ಮೂವರೂ ಸಾಲಾಗಿ ಗುರಿ ತಪ್ಪಿಸಿ ನಿಂತಿದ್ದಾಗ, ರೊಟ್ಟಿ ತಟ್ಟುತ್ತಿದ್ದ ಅವ್ವ ಬಾಗಿಲಿಗೆ ಬಂದು ನಕ್ಕರು. ಅಪ್ಪಯ್ಯ ಹಾಸ್ಯಕ್ಕೆ ಕೋವಿಯನ್ನು ಅವರ ಕಡೆ ನೀಡಿದರು. ಅವ್ವ ಹಿಟ್ಟಿನ ಕೈಯನ್ನು ಸೆರಗಿಗೆ ಒರಸಿಕೊಂಡು, ಕೋವಿಯನ್ನು ಹೆಗಲಿಗೆ ಆನಿಸಿ, ಹೊಡೆದೇಬಿಟ್ಟರು. ಡಬ್ಬ ಉರುಳಿತು. “ಇಷ್ಟೇಯಾ?” ಎಂದು ಒಳಗೆ ಹೋದರು. ಮತ್ತೆ ಎಂದೂ ಮುಟ್ಟಲಿಲ್ಲ. ಪುಸ್ತಕದಲ್ಲಿ ಆ ಸಾಲು ಇದೆ: ‘ಮನೆಯವಳು, 1, ಡಬ್ಬ, ತಗುಲಿತು.’ ನಮ್ಮ ಮೂವರದು ಅದರ ಮೇಲೆಯೇ ಇದೆ. ಅದನ್ನು ಇಲ್ಲಿ ಓದುವ ಅವಶ್ಯಕತೆ ಇಲ್ಲ.

ಈಗ 1960ರ ಮಾತು. ನಮಗೆ ಆಗ ಹದಿನೈದು, ಹದಿಮೂರು, ಹತ್ತು ವರುಷ. ಬೇಸಗೆಯ ರಜ. ಅಪ್ಪಯ್ಯ ತೀರ್ಥಹಳ್ಳಿಗೆ ಹೋಗಿದ್ದರು, ಅವ್ವ ನೆಂಟರ ಮನೆಗೆ. ಬೀರುವಿನ ಬೀಗದಕೈ ಎಲ್ಲಿದೆಯೆಂಬುದು ನಮಗೆ ಗೊತ್ತಿತ್ತು. ಕೋವಿ ತೆಗೆದುಕೊಂಡು ಕೆರೆಯ ಏರಿಗೆ ಹೋದೆವು. ನೀರಿನ ನಡುವೆ ಒಂದು ಒಣಗಿದ ಬೊಡ್ಡೆ, ಅದರ ಮೇಲೆ ರೆಕ್ಕೆ ಹರಡಿ ಬಿಸಿಲು ಕಾಯುತ್ತಿದ್ದ ನೀರುಕಾಗೆ. ಧರೆ ಇರಬೇಕು ಎಂಬುದು ನಮ್ಮ ನೆನಪಿನಲ್ಲಿತ್ತು. ಧರೆ ಇಲ್ಲದಿದ್ದರೇನು, ನೀರಿದೆಯಲ್ಲ, ಗುಂಡು ಮುಳುಗಿಹೋಗುತ್ತದೆ ಎಂದು ನಾವೇ ತೀರ್ಮಾನ ಮಾಡಿಕೊಂಡೆವು. ಹೊಡೆದೆವು.

ಹಕ್ಕಿ ಹಾರಿಹೋಯಿತು. ನೀರಿನ ಮೇಲೆ ಒಂದು ಗೆರೆ ಎದ್ದಿತು. ಆಮೇಲೆ ಆಚೆ ದಡದಿಂದ ಮಡಕೆ ಒಡೆದ ಸದ್ದು ಕೇಳಿಸಿತು.

ತಟ್ಟೆಕಲ್ಲನ್ನು ನೀರಿನ ಮೇಲೆ ಕುಪ್ಪಳಿಸಿ ಆಡುವ ಆಟ ನಮಗೆ ಚೆನ್ನಾಗಿ ಬರುತ್ತಿತ್ತು. ಓರೆಯಾಗಿ ಬಂದ ಗುಂಡೂ ನೀರಿಗೆ ತಾಕಿದರೆ ಹಾಗೆಯೇ ಪುಟಿದು ಮುಂದಕ್ಕೆ ಹೋಗುತ್ತದೆಂದು ಮಾತ್ರ ನಮಗೆ ಹೊಳೆದಿರಲಿಲ್ಲ. ಕೆರೆಯ ಆಚೆ ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದವರ ಮನೆ. ನಾವು ಓಡಿ ಹೋಗಿ ನೋಡಿದಾಗ ಬಚ್ಚಲಿನ ಮುಂದೆ ಅಜ್ಜಿಯೊಬ್ಬರು ಕಾಲು ನೀಡಿ ಕೂತು, ಕಾಲಿನ ಮೇಲೆ ಎರಡು ತಿಂಗಳ ಮೊಮ್ಮಗನನ್ನು ಮಲಗಿಸಿಕೊಂಡು ನೀರು ಹಾಕುತ್ತಿದ್ದರು. ಅವರ ಎಡಗೈಯ ಪಕ್ಕದಲ್ಲಿದ್ದ ನೀರಿನ ಗಡಿಗೆ ಒಡೆದು ಹೋಗಿತ್ತು. ಗಡಿಗೆಗೂ ಮಗುವಿನ ತಲೆಗೂ ಇದ್ದ ಅಂತರ ಒಂದು ಗೇಣು. ಅಜ್ಜಿಗೆ ಏನಾಯಿತೆಂದು ಇನ್ನೂ ತಿಳಿದಿರಲಿಲ್ಲ. ಗಡಿಗೆಯ ಚೂರುಗಳನ್ನೂ ನಮ್ಮ ಕೈಯಲ್ಲಿದ್ದ ಕೋವಿಯನ್ನೂ ಒಂದಾದ ಮೇಲೊಂದು ನೋಡಿದರು. ಆಮೇಲೆ ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಸಂಜೆ ಅಪ್ಪಯ್ಯ ಬಂದರು. ನಾವೇ ಹೇಳಿದೆವು, ಹೇಳದಿದ್ದರೆ ಪುಸ್ತಕದ ಬಾಕಿ ಹೇಳುತ್ತಿತ್ತು. ಅವರು ಬೈಯಲಿಲ್ಲ, ಹೊಡೆಯಲಿಲ್ಲ. ನಮ್ಮ ಮೂವರನ್ನೂ ಕರೆದುಕೊಂಡು ಕೆರೆ ಸುತ್ತಿ ಆ ಮನೆಗೆ ಹೋದರು. ಯಾವಾಗಲೂ ಅಂಗಳದಲ್ಲಿ ನಿಂತೇ ಕೆಲಸ ಹೇಳಿ ಬರುತ್ತಿದ್ದವರು ಅಂದು ಅವರ ಜಗಲಿಯ ಮೇಲೆ ನೆಲಕ್ಕೆ ಕೂತರು. ಬಹಳ ಹೊತ್ತು ಮಾತೇ ಹೊರಡಲಿಲ್ಲ. ಕೊನೆಗೆ ಅಜ್ಜಿಯೇ, “ಗಡಿಗೆ ಹ್ವಾದ್ರೆ ಹ್ವಾಗ್ಲಿ ಅಯ್ಯಾ, ಮಗು ಹೆದ್ರಿಲ್ಲ” ಎಂದರು. ಅಪ್ಪಯ್ಯ ತಲೆಯೆತ್ತಲಿಲ್ಲ. ನಾವು ಅವರನ್ನು ಹಾಗೆ ನೋಡಿದ್ದು ಅದೊಂದೇ ಸಲ.

ಹೊಡೆದವರು ಯಾರು ಎಂದು ಅಪ್ಪಯ್ಯ ಕೇಳಲಿಲ್ಲ. ಕೋವಿ ಒಬ್ಬರ ಕೈಯಲ್ಲೇ ಇತ್ತಲ್ಲವೆ? ಯಾರ ಕೈಯಲ್ಲಿ ಎಂಬುದನ್ನು ನಾವು ಇಂದಿನವರೆಗೆ ಹೊರಗೆ ಹೇಳಿದವರಲ್ಲ, ನಮ್ಮ ಹೆಂಡಂದಿರಿಗೂ ಇಲ್ಲ. ರಾತ್ರಿ ದೀಪದ ಮುಂದೆ ಕೂತು ಅಪ್ಪಯ್ಯ ಬರೆದರು: ‘ಮಕ್ಕಳು, 1, ಕೆರೆ ನೀರು.’ ತಗುಲಿತೋ ಇಲ್ಲವೋ ಎಂಬ ಮನೆಯನ್ನು ಖಾಲಿ ಬಿಟ್ಟರು. ಮಾರನೆಯ ದಿನ ಕೋವಿಯ ಬೋಲ್ಟನ್ನು ಬಿಚ್ಚಿಕೊಂಡು ಹೋಗಿ ತೀರ್ಥಹಳ್ಳಿಯ ಪರಿಚಯದವರ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬಂದರು. ಕೋವಿ ಗೋಡೆಯ ಮೇಲೆ ಹಾಗೇ ಇತ್ತು. ಒಂದು ವರುಷ ನಾವು ಅದನ್ನು ಒರಸಿದೆವು, ಹೊಲಿಗೆ ಮೆಷೀನಿನ ಎಣ್ಣೆ ಹಚ್ಚಿದೆವು.

ಆ ಮಗು ಈಗ ಅರುವತ್ತು ದಾಟಿದ ಗೃಹಸ್ಥರು. ಊರಿಗೆ ಹೋದಾಗ ಮೊದಲು ಅವರ ಮನೆಗೆ ಹೋಗುತ್ತೇವೆ. ಅವರಿಗೆ ಈ ಕಥೆ ಗೊತ್ತು. ಗಡಿಗೆಯ ದುಡ್ಡು ಬಾಕಿ ಇದೆಯೆಂದು ನಗುತ್ತಾರೆ. ನಮಗೆ ನಗು ಬರುವುದಿಲ್ಲ.

ಮುಂದೆ ನಮ್ಮಲ್ಲಿ ಇಬ್ಬರು ಶಿವಮೊಗ್ಗೆಯಲ್ಲಿ ಕಾಲೇಜು ಓದುತ್ತಿದ್ದಾಗ ಈ ತೋಟಾ ಮತ್ತೆ ಕೈಗೆ ಬಂತು. 1962ರ ಚೀನೀ ಆಕ್ರಮಣದ ತರುವಾಯ, 1963ರಲ್ಲಿ, ಕಾಲೇಜು ಹುಡುಗರಿಗೆ ಎನ್.ಸಿ.ಸಿ. ಕಡ್ಡಾಯವಾಯಿತು; 1968ರಲ್ಲಿ ಮತ್ತೆ ಐಚ್ಛಿಕವಾಯಿತು. ಅಲ್ಲಿ ಕೊಡುತ್ತಿದ್ದ ರೈಫಲ್ ಹೊರಗೆ ಸಿಪಾಯಿಯ ಕೋವಿ, ಒಳಗೆ ಚಿಕ್ಕ ಕೋವಿ. ಲೀ ಎನ್‌ಫೀಲ್ಡಿನ ತೂಕ ಹೊತ್ತು, 25 ಗಜ ದೂರದ ಕಾಗದಕ್ಕೆ ಅದೇ ‘ಟಪ್’. ಹೊಟ್ಟೆಯ ಮೇಲೆ ಮಲಗಿ ಐದು ಗುಂಡು. ಗುಂಡುಗಳು ಎಲ್ಲಿ ಬಿದ್ದುವು ಎಂಬುದಕ್ಕಿಂತ ಐದೂ ಎಷ್ಟು ಹತ್ತಿರ ಹತ್ತಿರ ಬಿದ್ದುವು ಎಂಬುದನ್ನು ಅಲ್ಲಿ ಅಳೆಯುತ್ತಿದ್ದರು. ಮುಗಿದ ಮೇಲೆ ‘ಖಾಲಿ ಕರ್’, ‘ಜಾಂಚ್ ಶಸ್ತ್ರ’, ಆಮೇಲೆ ಕೊಳವೆಗಳ ಎಣಿಕೆ. ಒಂದು ಸಂಜೆ ಒಂದು ಕೊಳವೆ ಕಡಿಮೆ ಬಂತು. ಇಡೀ ತುಕಡಿ ಕತ್ತಲಾಗುವ ತನಕ ಹುಲ್ಲಿನಲ್ಲಿ ಕೈಯಾಡಿಸಿತು. ಅದು ಸಿಕ್ಕಿದ್ದು ನಮ್ಮ ಅಂಗಿಯ ತೋಳಿನ ಮಡಿಕೆಯಲ್ಲಿ. ಉಳಿದ ಹುಡುಗರು ನಮ್ಮೊಡನೆ ಎರಡು ದಿನ ಮಾತಾಡಲಿಲ್ಲ. ನಮಗೆ ಮಾತ್ರ ಅಪ್ಪಯ್ಯನ ಪುಸ್ತಕ ಇಲ್ಲಿಗೂ ಬಂದಿದೆಯೆನ್ನಿಸಿತು.

ಲೆಕ್ಕವಿಲ್ಲದ ಕೋವಿಯನ್ನು ಕಂಡದ್ದು ಕೊಡಗಿನಲ್ಲಿ. 1965ರ ಸೆಪ್ಟೆಂಬರ್ 3ರಂದು ಸಹಪಾಠಿಯೊಬ್ಬರ ಮನೆಗೆ ಕೈಲ್‌ಪೊಳ್ದ್ ಹಬ್ಬಕ್ಕೆ ಹೋಗಿದ್ದೆವು. ಕೋವಿಗಳನ್ನು ತೊಳೆದು ಬೆಳಗಿ, ತೋಕ್ ಪೂ ಎಂಬ ಕೆಂಪು ಹಳದಿ ಹೂವಿಟ್ಟು ಪೂಜೆ ಮಾಡಿದರು. ಆಮೇಲೆ ಎತ್ತರದ ಮರಕ್ಕೆ ತೆಂಗಿನಕಾಯಿ ಕಟ್ಟಿ ಹೊಡೆಯುವ ಪಂದ್ಯ. ಅಲ್ಲಿ ಗಂಡು ಕೂಸು ಹುಟ್ಟಿದರೆ ಒಂದು ಈಡು, ಮನೆಯಲ್ಲಿ ಸಾವಾದರೆ ಬೆನ್ನು ಬೆನ್ನಿಗೆ ಎರಡು ಈಡು. ದೇಶದವರಿಂದೆಲ್ಲ ಆಯುಧ ಕಿತ್ತುಕೊಂಡ ಬ್ರಿಟಿಷರು 1861ರಲ್ಲಿ ಕೊಡವರಿಗೆ ವಿನಾಯಿತಿ ಕೊಟ್ಟರು. ಅದು ಇಂದಿಗೂ ಉಳಿದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಇನ್ನು ಹತ್ತು ವರುಷಕ್ಕೆ ಮುಂದುವರಿಸಿತು. ನಮ್ಮ ಮನೆಯ ಪುಸ್ತಕದ ವಿಷಯ ಕೇಳಿ ಆ ಮನೆಯ ಯಜಮಾನರು, “ಗುಂಡಿಗೆ ಲೆಕ್ಕವೆ?” ಎಂದು ಆಶ್ಚರ್ಯಪಟ್ಟರು. ನಾವು ಹೊಡೆದ ಮೂರೂ ಗುಂಡು ಕಾಯಿಗೆ ತಾಕಲಿಲ್ಲ.

1972ರಲ್ಲಿ ವನ್ಯಜೀವಿ ಸಂರಕ್ಷಣೆಯ ಕಾನೂನು ಬಂತು. ಊರಿನಲ್ಲಿ ಗೊಣಗಿದವರು ಬಹಳ. ಅಪ್ಪಯ್ಯ ಗೊಣಗಲಿಲ್ಲ. ಅವರ ಪುಸ್ತಕವೇ ಅವರಿಗೆ ಹೇಳಿತ್ತು. ಮೊದಮೊದಲ ಪುಟಗಳಲ್ಲಿ ವಾರಕ್ಕೊಂದು ಕಾಡುಕೋಳಿ, ಒಂದು ಚೋರೆ, ತೋಟಕ್ಕೆ ಬಂದ ಕೆಂಜಳಿಲು. ಹತ್ತು ವರುಷಗಳ ಅನಂತರದ ಪುಟಗಳಲ್ಲಿ ತಿಂಗಳಾದರೂ ಒಂದಿಲ್ಲ. ಸುಮ್ಮನೆ ತಿರುಗಿ ಬಂದ ದಿನಗಳನ್ನೂ ಅವರು ಬರೆದಿದ್ದರು. ಒಂದು ಗೆರೆ ಎಳೆದು, ಅಲ್ಲಿಂದ ಮುಂದೆ ಡಬ್ಬ, ಕರಟ, ನಿಂಬೆಹಣ್ಣು ಎಂದೇ ಬರೆದರು. 1987ರಲ್ಲಿ ಅವರು ತೀರಿಕೊಂಡ ಮೇಲೆ ಲೈಸೆನ್ಸು ನಮ್ಮ ಕಿರಿಯವರ ಹೆಸರಿಗಾಯಿತು. ಪುಸ್ತಕವೂ ಅವರ ಕೈಗೆ ಹೋಯಿತು. ಚುನಾವಣೆ ಬಂದಾಗಲೆಲ್ಲ ಮೂರೂ ಕೋವಿಗಳನ್ನು ಹೊತ್ತು ಠಾಣೆಗೆ ಒಪ್ಪಿಸುವುದು, ಮುಗಿದ ಮೇಲೆ ಬಿಡಿಸಿಕೊಂಡು ಬರುವುದು ಅವರ ಪಾಲಿನ ಕೆಲಸ. ನಾವಿಬ್ಬರು ಪರಸ್ಥಳದವರು ವರುಷಕ್ಕೊಮ್ಮೆ ಆಯುಧಪೂಜೆಗೆ ಹೋಗಿ ಕುಂಕುಮ ಹಚ್ಚಿ ಬರುತ್ತಿದ್ದೆವು.

2019ರ ಡಿಸೆಂಬರಿನಲ್ಲಿ ಆಯುಧ ಕಾನೂನಿಗೆ ತಿದ್ದುಪಡಿಯಾಯಿತು. ಅಲ್ಲಿಯ ತನಕ ಒಬ್ಬರಿಗೆ ಮೂರು ಕೋವಿ ಇರಬಹುದಿತ್ತು. ಇನ್ನು ಮೇಲೆ ಎರಡೇ. ಹೆಚ್ಚಿನದನ್ನು ಒಂದು ವರುಷದೊಳಗೆ ಠಾಣೆಗೋ ಲೈಸೆನ್ಸಿನ ವ್ಯಾಪಾರಿಗೋ ಒಪ್ಪಿಸಬೇಕು. ರೈಫಲ್ ಕ್ಲಬ್ಬಿನ ಸದಸ್ಯರು ಗುರಿಯ ಅಭ್ಯಾಸಕ್ಕೆ ಇಟ್ಟುಕೊಂಡ ಪಾಯಿಂಟ್ ಟೂ ಟೂ ರೈಫಲಿಗೆ ಆ ಕಾನೂನೇ ಹೆಸರು ಹೇಳಿ ವಿನಾಯಿತಿ ಕೊಟ್ಟಿದೆ. ಆದರೆ ನಮ್ಮ ತಮ್ಮನಿಗೆ ಕ್ಲಬ್ಬೆಲ್ಲಿ ಬಂತು? 2020ರಲ್ಲಿ, ಯಾರೂ ಎಲ್ಲಿಗೂ ಹೋಗಲಾರದೆ ಕೂತಿದ್ದ ಆ ದಿನಗಳಲ್ಲಿ, ಮೂರು ಊರುಗಳಿಂದ ಮೂವರೂ ಟೆಲಿಫೋನಿನಲ್ಲಿ ಕೂಡಿದೆವು. “ಏನ್ ಮಾಡಾಣ ಅಣ್ಣಯ್ಯ?” ಎಂದರು ಅವರು. ಹಂದಿ ತೋಟಕ್ಕೆ ಬರುತ್ತಿದೆ, ಜೋಡಿ ನಳಿಗೆ ಬೇಕೇ ಬೇಕು. ಕೇಪಿನ ಕೋವಿ ಅಜ್ಜಯ್ಯನದು. ಚಿಕ್ಕ ಕೋವಿಯಿಂದ ತೋಟಕ್ಕೆ ಏನೂ ಉಪಯೋಗವಿಲ್ಲ. ಅದು ಮಾತಾಡಿ ಹದಿನೈದು ವರುಷವಾಗಿತ್ತು. ಮುಂಬಯಿಯ ಹಿರಿಯವರು, ಅಜ್ಜಯ್ಯನನ್ನು ನಾವು ಕಂಡವರೇ ಅಲ್ಲ, ಅಪ್ಪಯ್ಯನದನ್ನು ಕೊಡಬಾರದು ಎಂದು ವಾದಿಸಿದರು. ಮಾತು ಒಂದು ಸಂಜೆಗೆ ಮುಗಿಯಲಿಲ್ಲ. ನಾಲ್ಕನೆಯ ಸಲಕ್ಕೆ ಕಿರಿಯವರು ಸ್ವಲ್ಪ ಬಿರುಸಾಗಿ, “ಒರಸೋರು ನಾವು, ಠಾಣೆಗೆ ಹೊರೋರು ನಾವು” ಎಂದರು. ಅದು ನಿಜವಾಗಿತ್ತು. ಅವರ ‘ನಾವು’ ಎಂಬ ಮಾತಿನೊಳಗೆ ನಾವಿಬ್ಬರು ಇರಲಿಲ್ಲ. ಚಿಕ್ಕ ಕೋವಿ ಹೋಗಲಿ ಎಂದು ಒಪ್ಪಿದೆವು.

ಮಳೆ ಬಿಟ್ಟ ಮೇಲೆ ಅವರು ಅದನ್ನು ಕೊನೆಯ ಸಲ ಬಿಚ್ಚಿ ಒರಸಿ, ಬೋಲ್ಟು ಕೂರಿಸಿ, ಶಿವಮೊಗ್ಗೆಯ ವ್ಯಾಪಾರಿಯೊಬ್ಬರಿಗೆ ಒಪ್ಪಿಸಿ ರಸೀತಿ ತಂದರು. ಪೆಟ್ಟಿಗೆಯಲ್ಲಿ ಉಳಿದಿದ್ದ ಏಳು ತೋಟಾಗಳನ್ನೂ ಕೊಟ್ಟರು. ರಾತ್ರಿ ಪುಸ್ತಕ ತೆಗೆದು ಬರೆದು, ಬರೆದುದನ್ನು ನಮಗೆ ಓದಿ ಹೇಳಿದರು: ‘ಒಪ್ಪಿಸಿದ್ದು. ತೋಟಾ 7. ಬಾಕಿ ಇಲ್ಲ.’ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಪುಟ ಮಗುಚುವ ಸದ್ದು ಕೇಳಿಸಿತು. 1960ರ ಆ ಸಾಲಿನಲ್ಲಿ ಅಪ್ಪಯ್ಯ ‘ಮಕ್ಕಳು’ ಎಂದು ಬರೆದು ಬಿಟ್ಟಿದ್ದಾರೆ, ಈಗಲಾದರೂ ಅಲ್ಲಿ ಹೆಸರು ಬರೆಯಲೆ ಎಂದು ಅವರು ಕೇಳಿದರು.

ಹಾಗೇ ಇರಲಿ ಎಂದೆವು.